ದಂಡ ಹಾಕಿ ಬಿಡಬೇಡಿ, ಹೆಚ್ಚುವರಿ ಲೋಡು ಇಳಿಸಿ: ಸಾರಿಗೆ ಇಲಾಖೆಗೊಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಸಾರಿಗೆ ಸಚಿವರು, ಕರ್ನಾಟಕ ಸರ್ಕಾರ
ಸಾರಿಗೆ ಆಯುಕ್ತರು, ಬೆಂಗಳೂರು

ಪ್ರತಿ: ಗಣಿ ಮತ್ತು ಭೂವಿಜ್ಞಾನ ಇಲಾಖೆ, ಲೋಕೋಪಯೋಗಿ ಇಲಾಖೆ, ಕಾನೂನು ಮಾಪನಶಾಸ್ತ್ರ ಇಲಾಖೆ

ವಿಷಯ: ಸರಕು ಸಾಗಣೆ ವಾಹನಗಳ ಅಧಿಕ ಭಾರ ಮತ್ತು ಸುರಕ್ಷತಾ ನಿಯಮಗಳ ಜಾರಿ

ಮಾನ್ಯರೇ,

ಲಾರಿಗೆ ಮಿತಿಮೀರಿದ ಭಾರ ಬೀಳುವುದು ಕಲ್ಲು ಪುಡಿಮಾಡುವ ಕ್ರಷರ್‌ನ ಬಂಕರ್ ಕೆಳಗೆ, ಸಿಮೆಂಟ್ ಕಾರ್ಖಾನೆಯ ಪ್ಯಾಕಿಂಗ್ ಪ್ಲಾಂಟಿನಲ್ಲಿ, ಅದಿರಿನ ಸ್ಟಾಕ್‌ಯಾರ್ಡಿನಲ್ಲಿ. ಇಂಥ ಕಡೆಗಳಲ್ಲಿ ಗೇಟಿನ ಪಕ್ಕವೇ ಲಾರಿ ಸಮೇತ ತೂಗುವ ವೇಬ್ರಿಡ್ಜ್ ಇರುತ್ತದೆ. ಖಾಲಿ ಲಾರಿಯ ತೂಕ, ತುಂಬಿದ ಲಾರಿಯ ತೂಕ ಎರಡೂ ಕಂಪ್ಯೂಟರಿಗೆ ಹೋಗಿ ಚೀಟಿ ಹೊರಬರುತ್ತದೆ. ಮಾರುವವನಿಗೂ ಕೊಳ್ಳುವವನಿಗೂ ಟನ್ನಿನ ಲೆಕ್ಕದಲ್ಲೇ ದುಡ್ಡು, ಆದ್ದರಿಂದ ಅಲ್ಲಿ ತೂಕ ತಪ್ಪುವುದಿಲ್ಲ. ಲಾರಿ ಗೇಟು ದಾಟುವ ಮೊದಲೇ ಅದರಲ್ಲಿ ಎಷ್ಟು ಹೆಚ್ಚಿದೆ ಎಂಬುದು ಕೆ.ಜಿ. ಸಮೇತ ಎಲ್ಲರಿಗೂ ಗೊತ್ತು. ಗೊತ್ತಿಲ್ಲದಿರುವುದು ತಮ್ಮ ಇಲಾಖೆಗೆ ಮಾತ್ರ. ತಮ್ಮ ಮೋಟಾರು ವಾಹನ ನಿರೀಕ್ಷಕರು ಅದೇ ಲಾರಿಯನ್ನು ನಡುರಾತ್ರಿ ಹೆದ್ದಾರಿಯಲ್ಲಿ ಕೈ ಅಡ್ಡ ಹಾಕಿ ನಿಲ್ಲಿಸಿ, ಹಿಂದಿನ ಸ್ಪ್ರಿಂಗ್ ಪ್ಲೇಟು ಎಷ್ಟು ಕುಸಿದಿದೆ ಎಂದು ಟಾರ್ಚಿನ ಬೆಳಕಲ್ಲಿ ನೋಡಿ ಅಂದಾಜು ಕಟ್ಟಬೇಕು.

ಲಾರಿ ಸಾಗಣೆ, ಬಾಡಿ ಕಟ್ಟುವ ಕೆಲಸ, ವೇಬ್ರಿಡ್ಜ್ ದುರಸ್ತಿ, ರಸ್ತೆ ಕಾಮಗಾರಿ ಇವುಗಳಲ್ಲೇ ಇರುವ ನಾವು ಕೆಲವರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ಹೊಸ ಕಾಯ್ದೆ ಬೇಕೆಂದು ಕೇಳುತ್ತಿಲ್ಲ. ಇರುವ ಕಾಯ್ದೆಯೇ ಸಾಕಷ್ಟು ಬಿಗಿಯಾಗಿದೆ. ಗೇಟಿನಲ್ಲಿ ತಡೆಯಬಹುದಾದದ್ದನ್ನು ಗೇಟಿನಲ್ಲೇ ತಡೆಯಿರಿ, ರಸ್ತೆಯಲ್ಲಿ ಸಿಕ್ಕ ಹೆಚ್ಚುವರಿ ಭಾರವನ್ನು ಇಳಿಸಿಯೇ ಲಾರಿ ಬಿಡಿ ಎಂಬುದಷ್ಟೇ ನಮ್ಮ ಕೋರಿಕೆ.

ಮೋಟಾರು ವಾಹನ ಕಾಯ್ದೆ, 1988ರ 113ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿ (ನೋಂದಣಿ ಪತ್ರದಲ್ಲಿ) ನಮೂದಾದ ಒಟ್ಟು ತೂಕವನ್ನು ಮೀರಿ ಲಾರಿ ಓಡಿಸುವುದಷ್ಟೇ ಅಲ್ಲ, ಓಡಿಸಲು ಬಿಡುವುದೂ ಅಪರಾಧ. ಚಾಲಕ ಮಾಲೀಕನಲ್ಲದಿದ್ದರೆ, ಮಾಲೀಕನಿಗೆ ಗೊತ್ತಿದ್ದೇ ಅಥವಾ ಅವನ ಆದೇಶದ ಮೇಲೆಯೇ ಇದು ನಡೆದಿದೆ ಎಂದು ನ್ಯಾಯಾಲಯ ಭಾವಿಸಬಹುದು. 114ನೇ ಸೆಕ್ಷನ್ ಪ್ರಕಾರ ಅನುಮಾನ ಬಂದ ಲಾರಿಯನ್ನು ತೂಕಕ್ಕೆ ಕಳಿಸಬೇಕು, ಹೆಚ್ಚಿದ್ದರೆ ಇಳಿಸುವಂತೆ ಲಿಖಿತ ಆದೇಶ ಕೊಡಬೇಕು, ಇಳಿಸುವ ತನಕ ಲಾರಿ ಕದಲಬಾರದು. 2019ರ ತಿದ್ದುಪಡಿಯ ನಂತರ 194ನೇ ಸೆಕ್ಷನ್‌ನಲ್ಲಿ ₹20,000 ದಂಡ, ಜತೆಗೆ ಹೆಚ್ಚುವರಿ ಪ್ರತಿ ಟನ್ನಿಗೆ ₹2,000, ಅದರ ಮೇಲೆ ಇಳಿಸುವ ಖರ್ಚು.

ನಡೆಯುತ್ತಿರುವುದು ಇದರ ಅರ್ಧ ಮಾತ್ರ. ಚಲನ್ ಹರಿಯುತ್ತಾರೆ, ದುಡ್ಡು ಕಟ್ಟಿಸಿಕೊಳ್ಳುತ್ತಾರೆ, ಲಾರಿ ಅದೇ ಭಾರ ಹೊತ್ತು ಮುಂದಕ್ಕೆ ಹೋಗುತ್ತದೆ. ಕಟ್ಟಿದ ರಸೀದಿಯೇ ಮುಂದಿನ ತಪಾಸಣೆಯಲ್ಲಿ ಪಾಸ್‌ನಂತೆ ಕೆಲಸ ಮಾಡುತ್ತದೆ. ದಂಡ ಕಟ್ಟಿಸಿಕೊಂಡು ಅಧಿಕ ಭಾರದ ಲಾರಿಯನ್ನು ಹಾಗೇ ಬಿಡುವ ರಾಜ್ಯಗಳ ಪದ್ಧತಿಯನ್ನು ಸುಪ್ರೀಂ ಕೋರ್ಟ್ 2005ರಲ್ಲೇ, ಪರಮ್‌ಜಿತ್ ಭಾಸಿನ್ ಪ್ರಕರಣದಲ್ಲಿ, ತಳ್ಳಿಹಾಕಿತ್ತು. ರಾಜಿ ದಂಡ (ನ್ಯಾಯಾಲಯಕ್ಕೆ ಹೋಗದೆ ಇಲಾಖೆಗೇ ಕಟ್ಟುವ ದಂಡ) ಕಟ್ಟಿದ ಮಾತ್ರಕ್ಕೆ ಹೆಚ್ಚುವರಿ ಭಾರ ಸಾಗಿಸುವ ಹಕ್ಕು ಬರುವುದಿಲ್ಲ ಎಂದು ಅದು ಹೇಳಿ ಎರಡು ದಶಕವಾಯಿತು.

ದಂಡದ ಲೆಕ್ಕದಲ್ಲೇ ಒಂದು ಓಟೆ ಇದೆ, ಈ ಧಂದೆಯಲ್ಲಿರುವವರು ಅದನ್ನು ಚೆನ್ನಾಗಿ ಬಲ್ಲರು. 10 ಟನ್ ಹೆಚ್ಚಿದ್ದರೆ 194ರ ಪ್ರಕಾರ ₹40,000. ತೂಕಕ್ಕೆ ನಿಲ್ಲಿಸದೆ ಹೋದರೆ, ಅಥವಾ ತೂಕಕ್ಕೆ ಮೊದಲೇ ಲೋಡು ಸುರಿದರೆ, ಅದಕ್ಕೂ ₹40,000. ಹಾಗಾಗಿ 10 ಟನ್ನಿಗಿಂತ ಹೆಚ್ಚು ಹೊತ್ತವನಿಗೆ ತೂಕ ಮಾಡಿಸಿಕೊಳ್ಳುವುದಕ್ಕಿಂತ ನಿಲ್ಲಿಸದೆ ಓಡಿಸುವುದೇ ಅಗ್ಗ. ಇದನ್ನು ಮುಚ್ಚಲು ಕಾಯ್ದೆ ತಿದ್ದಬೇಕಿಲ್ಲ. ನಿಲ್ಲಿಸದೆ ಹೋದ ಲಾರಿಯ ನಂಬರನ್ನು ಮುಂದಿನ ಟೋಲ್‌ಗೆ, ಮುಂದಿನ ತನಿಖಾ ತಂಡಕ್ಕೆ ಕೂಡಲೇ ತಲುಪಿಸಿ, ಅಲ್ಲಿ ಹಿಡಿದು ತೂಕ ಮಾಡಿಸಿ ಇಳಿಸಿದರೆ ಸಾಕು. ಆಗ ಎರಡೂ ದಂಡ ಬೀಳುತ್ತವೆ, ಮಾಲೂ ಅಲ್ಲೇ ಉಳಿಯುತ್ತದೆ.

ಎಷ್ಟು ಹೊರಬಹುದು ಎಂಬುದರಲ್ಲಿ ಗೊಂದಲವೇನೂ ಇಲ್ಲ. ಕೇಂದ್ರದ 2018ರ ಜುಲೈ ಅಧಿಸೂಚನೆ ಮಿತಿಯನ್ನು ಸಾಕಷ್ಟು ಏರಿಸಿತು: ಎರಡು ಟೈರಿನ ಮುಂದಿನ ಆ್ಯಕ್ಸಲ್‌ಗೆ (ಚಕ್ರಗಳನ್ನು ಜೋಡಿಸುವ ಅಚ್ಚಿಗೆ) 6ರ ಬದಲು 7 ಟನ್, ನಾಲ್ಕು ಟೈರಿನ ಆ್ಯಕ್ಸಲ್‌ಗೆ 10.2ರ ಬದಲು 11.5, ಎಂಟು ಟೈರಿನ ಜೋಡಿ ಆ್ಯಕ್ಸಲ್‌ಗೆ 19ರ ಬದಲು 21. ಹತ್ತು ಚಕ್ರದ ಲಾರಿಯ ಒಟ್ಟು ತೂಕ 25ರಿಂದ 28.5 ಟನ್ನಿಗೆ ಹೋಯಿತು. ಓವರ್‌ಲೋಡ್ ತಗ್ಗಲಿ ಎಂಬುದೂ ಇದರ ಉದ್ದೇಶಗಳಲ್ಲೊಂದಾಗಿತ್ತು. ಆದದ್ದೇನು? ಮಿತಿ ಮೂರೂವರೆ ಟನ್ ಮೇಲೇರಿತು, ಮೀರುವ ಅಭ್ಯಾಸ ಅದರ ಮೇಲೆ ಮುಂದುವರಿಯಿತು.

ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿ ತಯಾರಿಸಿದ ಮರಳು) ಹೊರುವ ಹತ್ತು ಚಕ್ರದ ಟಿಪ್ಪರನ್ನೇ ತೆಗೆದುಕೊಳ್ಳಿ. ಬಾಡಿ ಸಮೇತ ಖಾಲಿ ತೂಕ 11ರಿಂದ 12 ಟನ್. 28.5ರಲ್ಲಿ ಅದು ಕಳೆದರೆ ಮಾಲಿಗೆ ಸಿಗುವುದು ಸುಮಾರು 17 ಟನ್. ಎಂ-ಸ್ಯಾಂಡ್ ಒಂದು ಘನಮೀಟರ್‌ಗೆ 1.6ರಿಂದ 1.75 ಟನ್ ತೂಗುತ್ತದೆ, ತೊಳೆದ ಮರಳು ಒದ್ದೆಯಿದ್ದರೆ ಇನ್ನೂ ಜಾಸ್ತಿ. 10 ಘನಮೀಟರ್ ತುಂಬಿದರೆ ಕಾನೂನಿನ ಮಿತಿ ಮುಗಿಯಿತು. ಆದರೆ ಬಾಡಿ ಕಟ್ಟಿರುವುದು 14ರಿಂದ 16 ಘನಮೀಟರ್‌ಗೆ. 16 ತುಂಬಿದರೆ ಮಾಲೇ 27 ಟನ್, ಒಟ್ಟು 38.5. ಅಂಚಿನ ತನಕ ತುಂಬಿಸಿದರೆ ಸಾಕು, ಗೋಪುರ ಏರಿಸಬೇಕಾಗಿಯೇ ಇಲ್ಲ, 10 ಟನ್ ಹೆಚ್ಚಾಗಿರುತ್ತದೆ. ಇದರ ಮೇಲೆ ಪಕ್ಕದ ಹಲಗೆ ಏರಿಸುವವರೂ ಇದ್ದಾರೆ. ಎಫ್‌ಸಿಗೆ (ವಾಹನದ ಸುಸ್ಥಿತಿ ಪರೀಕ್ಷೆಗೆ) ಹೋಗುವ ಹಿಂದಿನ ದಿನ ಆ ಹಲಗೆಯ ಬೋಲ್ಟ್ ಬಿಚ್ಚುತ್ತಾರೆ, ಬಂದ ಮಾರನೇ ದಿನ ಮತ್ತೆ ಬಿಗಿಯುತ್ತಾರೆ. ಟಿಪ್ಪರ್ ನೋಂದಣಿ ವೇಳೆ ಬಾಡಿಯ ಒಳ ಅಳತೆ ತೆಗೆದು, ಅದು ಯಾವ ಮಾಲಿಗೆ ಬಳಕೆಯಾಗುತ್ತದೋ ಅದರ ಸಾಂದ್ರತೆಗೆ ಗುಣಿಸಿ ನೋಡಿ ಅನುಮೋದಿಸಿದರೆ ಅರ್ಧ ರೋಗ ಅಲ್ಲೇ ವಾಸಿ. ಈಗಾಗಲೇ ಓಡುತ್ತಿರುವ ಬಾಡಿಗಳಿಗೆ ಒಳಗೋಡೆಯ ಮೇಲೆ, ಮಿತಿಯ ಎತ್ತರಕ್ಕೆ ಕೆಂಪು ಗೆರೆ ಎಳೆಸಿ. ಲೋಡರ್ ಓಡಿಸುವವನಿಗೆ, ಗೇಟಿನಲ್ಲಿರುವವನಿಗೆ ಕಣ್ಣಿಗೆ ಕಾಣುವ ಗುರುತು ಅದು.

ಇದೇ 38.5 ಟನ್ ಟಿಪ್ಪರಿನ ಹಿಂದಿನ ಜೋಡಿ ಆ್ಯಕ್ಸಲ್ ಮೇಲೆ ಸುಮಾರು 30.5 ಟನ್ ಕೂರುತ್ತದೆ. ಅನುಮತಿ ಇರುವುದು 21. ಅಮೆರಿಕದ ಇಲಿನಾಯ್‌ನಲ್ಲಿ 1958ರಿಂದ 1960ರವರೆಗೆ ನಡೆದ ಆಶೋ ರಸ್ತೆ ಪರೀಕ್ಷೆಯಿಂದ ಬಂದ ಲೆಕ್ಕ ಲೋಕೋಪಯೋಗಿ ಎಂಜಿನಿಯರ್‌ಗಳಿಗೆಲ್ಲ ಗೊತ್ತು: ರಸ್ತೆಯ ಸವೆತ ಆ್ಯಕ್ಸಲ್ ಭಾರದ ಸರಿಸುಮಾರು ನಾಲ್ಕನೇ ಘಾತಕ್ಕೆ ಏರುತ್ತದೆ. ಶೇ 20 ಹೆಚ್ಚು ಹೊತ್ತರೆ ಸವೆತ ದುಪ್ಪಟ್ಟು. 21ರ ಜಾಗದಲ್ಲಿ 30.5 ಎಂದರೆ ನಾಲ್ಕೂವರೆ ಪಟ್ಟು. ‘ಟ್ರಿಪ್ ಕಮ್ಮಿಯಾಗುತ್ತಲ್ಲ ಸ್ವಾಮಿ’ ಎಂಬ ವಾದ ಯಾವಾಗಲೂ ಬರುತ್ತದೆ. ಲೆಕ್ಕ ಮಾಡೋಣ. 17 ಟನ್ ಬದಲು 27 ಟನ್ ಒಯ್ದರೆ ಮಾಲು 1.6 ಪಟ್ಟು. ಸವೆತ 4.5 ಪಟ್ಟು. ಟನ್ನೊಂದಕ್ಕೆ ಹಿಡಿದರೂ ರಸ್ತೆ ಹೆಚ್ಚುಕಡಿಮೆ ಮೂರು ಪಟ್ಟು ಬೇಗ ಹಾಳು. ಕ್ರಷರಿನಿಂದ ಹೆದ್ದಾರಿ ಸೇರುವ ತನಕ ಈ ಟಿಪ್ಪರುಗಳು ಓಡುವುದು ಜಿಲ್ಲಾ ಮತ್ತು ಹಳ್ಳಿ ರಸ್ತೆಗಳಲ್ಲಿ, ಅವುಗಳ ಪದರ ಕಟ್ಟುವಾಗ ಇಂಥ ಆ್ಯಕ್ಸಲ್ ಯಾರ ಲೆಕ್ಕದಲ್ಲೂ ಇರಲಿಲ್ಲ. ಮೊದಲು ಚಕ್ರದ ಜಾಡಿನಲ್ಲಿ ಡಾಂಬರು ತಗ್ಗಾಗುತ್ತದೆ, ಆಮೇಲೆ ಮೊಸಳೆ ಚರ್ಮದಂಥ ಬಿರುಕು ಬಿಡುತ್ತದೆ, ಮಳೆನೀರು ಆ ಬಿರುಕಿನಿಂದ ಜಲ್ಲಿ ಪದರಕ್ಕೆ ಇಳಿದ ಮೇಲೆ ಉಳಿದದ್ದು ಒಂದು ಮಳೆಗಾಲದ ಕೆಲಸ. ಬೈಗುಳ ತಿನ್ನುವವನು ಗುತ್ತಿಗೆದಾರ. ಕೆಲವು ಸಲ ಅವನು ಅದಕ್ಕೆ ಅರ್ಹನೂ ಹೌದು, ಆದರೆ ಎಲ್ಲ ಸಲವೂ ಅಲ್ಲ.

ಈಗ ಗೇಟಿನ ವಿಚಾರ. ಪ್ರತಿ ಲಾರಿಯ ಒಟ್ಟು ತೂಕದ ಮಿತಿ ವಾಹನ ನೋಂದಣಿಯ ‘ವಾಹನ್’ ದತ್ತಾಂಶದಲ್ಲಿದೆ. ಖನಿಜ ಸಾಗಣೆ ಪರವಾನಗಿ ಗಣಿ ಇಲಾಖೆಯ ಆನ್‌ಲೈನ್ ವ್ಯವಸ್ಥೆಯಿಂದ ಲಾರಿ ನಂಬರ್ ಹಾಕಿಯೇ ಹೊರಡುತ್ತದೆ. ಇವೆರಡನ್ನು ಜೋಡಿಸಿ: ನಂಬರ್ ಹಾಕಿದೊಡನೆ ಮಿತಿ ಬರಲಿ, ವೇಬ್ರಿಡ್ಜ್‌ನ ತೂಕ ಕೈಯಿಂದ ಟೈಪ್ ಆಗದೆ ನೇರವಾಗಿ ಯಂತ್ರದಿಂದ ಬರಲಿ, ಮಿತಿ ಮೀರಿದ್ದರೆ ಪರವಾನಗಿ ಮುದ್ರಣವೇ ಆಗದಿರಲಿ. ಸಿಮೆಂಟ್, ಉಕ್ಕು, ಕಲ್ಲಿದ್ದಲಿಗೆ ಸರಕು ಸಾಗಣೆಯ ಜಿಎಸ್‌ಟಿ ದಾಖಲೆಯಾದ ಇ-ವೇ ಬಿಲ್ ಇದೆ, ಅದರಲ್ಲೂ ಲಾರಿ ನಂಬರ್ ಮತ್ತು ಪ್ರಮಾಣ ಎರಡೂ ಇರುತ್ತವೆ. ಬಿಲ್ಲಿನ ಟನ್ನಿಗೆ ಆರ್‌ಸಿಯ ಖಾಲಿ ತೂಕ ಕೂಡಿಸಿ, ಮಿತಿ ಮೀರಿದ ನಂಬರುಗಳ ಪಟ್ಟಿ ದಿನವೂ ಆರ್‌ಟಿಒಗೆ ಬರುವಂತೆ ಮಾಡಲು ಸಾಫ್ಟ್‌ವೇರ್‌ನವರಿಗೆ ಹೆಚ್ಚು ದಿನ ಬೇಕಾಗಿಲ್ಲ. ಒಂದೇ ಎಚ್ಚರ. ಹೋಲಿಸಬೇಕಾದ್ದು ಒಟ್ಟು ತೂಕವನ್ನು, ಮಾಲಿನ ತೂಕವನ್ನಲ್ಲ. ಹೆಚ್ಚುವರಿ ಹಲಗೆ, ಟೂಲ್ ಬಾಕ್ಸ್, ಟಾರ್ಪಾಲು, ಸ್ಟೆಪ್ನಿ, ತುಂಬಿದ ಡೀಸೆಲ್ ಟ್ಯಾಂಕು ಎಲ್ಲ ಸೇರಿ ನಿಜವಾದ ಖಾಲಿ ತೂಕ ಆರ್‌ಸಿಯಲ್ಲಿರುವುದಕ್ಕಿಂತ ಕೆಲವು ನೂರು ಕೆ.ಜಿ. ಹೆಚ್ಚಿರುವುದು ಸಾಮಾನ್ಯ.

ತುಂಬಿಸಿ ಕಳಿಸಿದವನನ್ನು ಕೇಳುವವರಿಲ್ಲ ಎನ್ನುವುದೇ ಈ ಪಿಡುಗಿನ ಬೇರು. ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿಯ ನಿರ್ದೇಶನದಂತೆ ಅಧಿಕ ಭಾರಕ್ಕೆ ಚಾಲಕನ ಲೈಸೆನ್ಸ್ ಕನಿಷ್ಠ ಮೂರು ತಿಂಗಳು ಅಮಾನತಾಗುತ್ತದೆ. ಎಷ್ಟು ತುಂಬಬೇಕು ಎಂಬ ಮಾತಿನಲ್ಲಿ ಆ ಚಾಲಕನಿಗೆ ಪಾಲೇ ಇರುವುದಿಲ್ಲ. ‘ಒಲ್ಲೆ’ ಎಂದರೆ ಮಾರನೇ ದಿನ ಆ ಸೀಟಿನಲ್ಲಿ ಬೇರೊಬ್ಬ ಕೂತಿರುತ್ತಾನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. 194ನೇ ಸೆಕ್ಷನ್ ಓಡಿಸುವವನನ್ನು ಮಾತ್ರವಲ್ಲ, ಓಡಿಸಲು ಕಾರಣನಾದವನನ್ನೂ ಹಿಡಿಯುತ್ತದೆ. ಗೇಟಿನ ತೂಕದ ಚೀಟಿಯನ್ನೇ ಸಾಕ್ಷ್ಯ ಮಾಡಿಕೊಂಡು ಮಾಲೀಕನ ಮೇಲೂ ಲೋಡು ಮಾಡಿಸಿದ ಸಂಸ್ಥೆಯ ಮೇಲೂ ಪ್ರಕರಣ ಹಾಕಿ ನೋಡಿ. ಕ್ರಷರಿಗೆ ಪದೇಪದೇ ನೋಟಿಸ್ ಹೋಗಿ, ಆಮೇಲೆ ಗಣಿ ಇಲಾಖೆ ಪರವಾನಗಿ ವಿತರಣೆಯನ್ನೇ ತಡೆದರೆ ಗೇಟಿನಲ್ಲಿ ಶಿಸ್ತು ತಾನಾಗಿ ಬರುತ್ತದೆ. ಮಿತಿಯೊಳಗೆ ಸಾಗಿಸುವ ಮಾಲೀಕರಿಗೂ ಇದು ಬೇಕು. ಈಗ ಬಾಡಿಗೆಯ ದರ ನಿರ್ಧಾರವಾಗುವುದು ಹತ್ತು ಟನ್ ಹೆಚ್ಚು ಹೊರುವವನ ಲೆಕ್ಕದಲ್ಲಿ, ಆ ದರದಲ್ಲಿ ನಿಯಮ ಪಾಲಿಸಿ ಓಡಿಸುವವನಿಗೆ ಕಂತು ಕಟ್ಟಲೂ ಗಿಟ್ಟುವುದಿಲ್ಲ.

ಹಾಗೆಂದು ರಸ್ತೆಯ ತಪಾಸಣೆ ಬೇಡವೆಂದಲ್ಲ. ಗೇಟಿಲ್ಲದ ಕಡೆಯೂ ಲೋಡಾಗುತ್ತದೆ. ಆದರೆ ಕೆಲಸ ಈಗಿನಂತೆ ನಡೆದರೆ ಪ್ರಯೋಜನವಿಲ್ಲ. 114ನೇ ಸೆಕ್ಷನ್‌ಗೆ ಒಂದು ಕಟ್ಟುಪಾಡಿದೆ: ಲಾರಿ ಹೋಗುತ್ತಿರುವ ದಾರಿಯಲ್ಲಿ 10 ಕಿ.ಮೀ. ಒಳಗೆ, ಇಲ್ಲವೇ ಅದು ಸೇರಬೇಕಾದ ಜಾಗದಿಂದ 20 ಕಿ.ಮೀ. ಒಳಗೆ ಇರುವ ತೂಕದ ಯಂತ್ರಕ್ಕೆ ಮಾತ್ರ ಕಳಿಸಬಹುದು. ಆದ್ದರಿಂದ ತಪಾಸಣೆಯ ಜಾಗ ಆರಿಸುವಾಗ ಮೊದಲು ನೋಡಬೇಕಾದ್ದು ವೇಬ್ರಿಡ್ಜ್ ಎಲ್ಲಿದೆ ಎಂಬುದನ್ನು. ಓಡುವಾಗಲೇ ತೂಗುವ ಸೆನ್ಸರ್ ಮತ್ತು ನಂಬರ್ ಪ್ಲೇಟ್ ಓದುವ ಕ್ಯಾಮೆರಾ ಮೊದಲು, ಅದರ ಮುಂದೆ 10 ಕಿ.ಮೀ. ಒಳಗೆ ಸ್ಥಿರ ವೇಬ್ರಿಡ್ಜ್, ಅದರ ಪಕ್ಕದಲ್ಲೇ ಇಳಿಸುವ ಯಾರ್ಡು. ಈ ಸಾಲಿನಲ್ಲಿ ಹಾಕಿದರೆ ಎಲ್ಲ ಲಾರಿಗಳನ್ನು ನಿಲ್ಲಿಸಬೇಕಾಗಿಲ್ಲ. ಓಡುವಾಗ ತೂಗುವ ಯಂತ್ರದಲ್ಲಿ ವೇಗ, ರಸ್ತೆಯ ಏರಿಳಿತಕ್ಕೆ ತಕ್ಕಂತೆ ಶೇ 10ರ ಆಸುಪಾಸು ಹೆಚ್ಚುಕಮ್ಮಿ ಬರಬಹುದು. ಅನುಮಾನದ ಲಾರಿಯನ್ನು ಬೇರ್ಪಡಿಸಲು ಅದು ಸಾಕು, ವಾದಕ್ಕೆ ನಿಲ್ಲಬೇಕಾದ ಪ್ರಕರಣಕ್ಕೆ ಸ್ಥಿರ ವೇಬ್ರಿಡ್ಜ್‌ನ ಚೀಟಿ ಇದ್ದರೆ ಗಟ್ಟಿ. 2021ರಲ್ಲಿ ಬಂದ ಕೇಂದ್ರ ಮೋಟಾರು ವಾಹನ ನಿಯಮ 167ಎ ಇಂಥ ಯಂತ್ರಗಳನ್ನು ಜಾರಿ ಸಾಧನವೆಂದು ಒಪ್ಪಿದೆ, ಆದರೆ ಪ್ರತಿ ವರ್ಷ ಅನುಮೋದನಾ ಪತ್ರ ನವೀಕರಿಸಬೇಕು. ಹಾಕಿ ಮರೆತರೆ ಮೊದಲ ವಕೀಲರೇ ಪ್ರಕರಣ ಬೀಳಿಸುತ್ತಾರೆ.

ತೂಕ ಮಾಡುವಾಗ ಆಗುವ ತಪ್ಪುಗಳನ್ನು ನಿರೀಕ್ಷಕರಿಗೆ ಯಾರೂ ಕೂರಿಸಿಕೊಂಡು ಹೇಳಿಕೊಟ್ಟಂತೆ ಕಾಣುವುದಿಲ್ಲ. ಚಕ್ರದ ಕೆಳಗಿಡುವ ಪ್ಯಾಡ್‌ಗಳಲ್ಲಿ ಜೋಡಿ ಆ್ಯಕ್ಸಲ್‌ನ ಒಂದನ್ನು ಮಾತ್ರ ಹತ್ತಿಸಿದರೆ, ಪ್ಯಾಡಿನ ದಪ್ಪದಷ್ಟು ಮೇಲೆದ್ದ ಆ ಆ್ಯಕ್ಸಲ್ ಪಕ್ಕದ್ದರ ಭಾರವನ್ನೂ ಎಳೆದುಕೊಂಡು ಸುಳ್ಳೇ ಹೆಚ್ಚು ತೋರಿಸುತ್ತದೆ. ಎರಡರ ಕೆಳಗೂ ಪ್ಯಾಡ್ ಇರಬೇಕು, ಪ್ಯಾಡ್ ಇಲ್ಲದ ಚಕ್ರಗಳಿಗೆ ಅಷ್ಟೇ ದಪ್ಪದ ಹಲಗೆ ಕೊಡಬೇಕು. ಬ್ರೇಕು ಒತ್ತಿ ನಿಂತ ಲಾರಿಯಲ್ಲಿ ಭಾರ ಆ್ಯಕ್ಸಲ್‌ನಿಂದ ಆ್ಯಕ್ಸಲ್‌ಗೆ ಜರುಗಿ ನಿಲ್ಲುತ್ತದೆ, ಆದ್ದರಿಂದ ನಿಂತ ಮೇಲೆ ನ್ಯೂಟ್ರಲ್ ಮಾಡಿ, ಮುಂದೆ ಹಿಂದೆ ಸಮತಟ್ಟು ಇರುವ ಕಡೆ ಚಕ್ರಕ್ಕೆ ಅಡ್ಡಗಟ್ಟೆ ಕೊಟ್ಟು, ಬ್ರೇಕು ಬಿಡಿಸಿಯೇ ಅಂಕಿ ಓದಬೇಕು. ದೊಡ್ಡ ವೇಬ್ರಿಡ್ಜ್‌ನಲ್ಲಿ ಕೊನೆಯ ಚಕ್ರದ ಅರ್ಧ ಅಂಚಿನಾಚೆ ನಿಲ್ಲಿಸುವುದು ಹಳೇ ಚಾಳಿ, ಕೆಳಗಿಳಿದು ಎಲ್ಲ ಚಕ್ರವನ್ನೂ ನೋಡಬೇಕು. ಲಿಫ್ಟ್ ಆ್ಯಕ್ಸಲ್ (ಬೇಡವಾದಾಗ ಮೇಲೆತ್ತುವ ಆ್ಯಕ್ಸಲ್) ಇರುವ ಲಾರಿಗಳಲ್ಲಿ ಟೈರು ಸವೆಯದಿರಲಿ ಎಂದು ಲೋಡಿದ್ದಾಗಲೂ ಅದನ್ನು ಎತ್ತಿಕೊಂಡೇ ಓಡಿಸುತ್ತಾರೆ, ತೂಕಕ್ಕೆ ಬರುವಾಗ ಮಾತ್ರ ಇಳಿಸುತ್ತಾರೆ. ಒಟ್ಟು ತೂಕ ಸರಿ ಬಂದರೂ ದಾರಿಯುದ್ದ ಉಳಿದ ಆ್ಯಕ್ಸಲ್‌ಗಳು ಮಿತಿ ಮೀರಿ ಹೊತ್ತಿರುತ್ತವೆ. ಕ್ಯಾಮೆರಾ ಚಿತ್ರದಲ್ಲಿ ಇದು ಸ್ಪಷ್ಟವಾಗಿ ಸಿಗುತ್ತದೆ. ಇನ್ನು ಖಾಸಗಿ ವೇಬ್ರಿಡ್ಜ್‌ಗಳು. ಪ್ಲಾಟ್‌ಫಾರಂ ಮತ್ತು ಚೌಕಟ್ಟಿನ ನಡುವಿನ ಸಂದಿಗೆ ಜಲ್ಲಿ, ಮಳೆಗಾಲದ ಕೆಸರು ಸೇರಿ ಗಟ್ಟಿಯಾದರೆ ಭಾರ ಪೂರ್ತಿ ತೂಕ ಅಳೆಯುವ ಲೋಡ್‌ಸೆಲ್‌ಗೆ ಹೋಗದೆ ತೂಕ ಕಡಿಮೆ ತೋರುತ್ತದೆ. ವರ್ಷಕ್ಕೊಮ್ಮೆ ಬೀಳುವ ಮಾಪನಶಾಸ್ತ್ರ ಇಲಾಖೆಯ ಮುದ್ರೆ ಮಳೆಗಾಲ ಮುಗಿದ ಕೂಡಲೇ ಬೀಳುವಂತಿದ್ದರೆ ಒಳ್ಳೆಯದು.

ಇಳಿಸುವ ಕೆಲಸ ನಿಜಕ್ಕೂ ಕಷ್ಟ, ಅದನ್ನು ಒಪ್ಪುತ್ತೇವೆ. ರಾತ್ರಿ ಎರಡು ಗಂಟೆಗೆ 10 ಟನ್ ಎಂ-ಸ್ಯಾಂಡ್ ಎಲ್ಲಿ ಸುರಿಯುವುದು? ಹೆದ್ದಾರಿಯ ಅಂಚಿನಲ್ಲಿ ಸುರಿದರೆ ಬೆಳಗಾಗುವುದರೊಳಗೆ ಯಾವುದೋ ಬೈಕು ಅದಕ್ಕೆ ಹತ್ತಿರುತ್ತದೆ. ಅದಕ್ಕೇ ಯಾರ್ಡು ಬೇಕು ಎನ್ನುವುದು: ಸುತ್ತ ಕಾಂಪೌಂಡು, ಕಾಂಕ್ರೀಟ್ ನೆಲ, ಸಡಿಲ ಮಾಲಿಗೆ ನಾಲ್ಕೈದು ಗೂಡು, ಚೀಲದ ಮಾಲಿಗೆ ಶೀಟ್ ಹೊದಿಸಿದ ಕಟ್ಟೆ, ಒಂದು ಲೋಡರ್ ಯಂತ್ರ, ಕರೆದರೆ ಬರುವ ಹಮಾಲರು. ಖರ್ಚೆಲ್ಲ ಮಾಲೀಕನದೇ ಎಂದು ಕಾಯ್ದೆ ಹೇಳಿದೆ, ಆದ್ದರಿಂದ ದರಪಟ್ಟಿ ಗೋಡೆಯ ಮೇಲಿರಲಿ. ಇಳಿಸಿದ ಮಾಲಿನ ಜವಾಬ್ದಾರಿಯೂ ಕಾಯ್ದೆಯ ಪ್ರಕಾರ ಚಾಲಕನ ಕಡೆಯದೇ, ಆದರೂ ತೂಕ ಮಾಡಿ, ಫೋಟೊ ತೆಗೆದು, ರಸೀದಿ ಕೊಟ್ಟರೆ ಜಗಳ ಉಳಿಯುತ್ತದೆ. ಇಂತಿಷ್ಟು ದಿನದೊಳಗೆ ಬೇರೆ ಲಾರಿ ತಂದು ಒಯ್ಯದಿದ್ದರೆ ಹರಾಜು ಎಂದು ನಿಯಮ ಮಾಡಿ. ಉಕ್ಕಿನ ಕಾಯಿಲ್ ಇಳಿಸಲು ಕ್ರೇನ್ ಬೇಕು, ಗ್ಯಾಸ್ ಅಥವಾ ಆಸಿಡ್ ಟ್ಯಾಂಕರನ್ನು ಅಲ್ಲಿ ಮುಟ್ಟುವ ಹಾಗೇ ಇಲ್ಲ, ಬೆಂಗಾವಲಿನಲ್ಲಿ ತುಂಬಿದ ಜಾಗಕ್ಕೇ ವಾಪಸ್ ಕಳಿಸಬೇಕು. ಯಾರ್ಡಿಗೆ ಜಾಗ ಹುಡುಕುವುದೂ ದೊಡ್ಡ ವಿಷಯವಲ್ಲ. ಚಿಕ್ಕಬಳ್ಳಾಪುರ, ಕೋಲಾರ, ರಾಮನಗರದ ಕ್ರಷರ್‌ಗಳಿಂದ ಬೆಂಗಳೂರಿಗೆ ಬರುವ ದಾರಿಗಳು, ಸಂಡೂರು ಮತ್ತು ಬಳ್ಳಾರಿಯ ಅದಿರು ದಾರಿ, ಸೇಡಂ ಕಡೆಯ ಸಿಮೆಂಟ್ ದಾರಿ, ಪಶ್ಚಿಮ ಘಟ್ಟ ಇಳಿಯುವ ಮೊದಲಿನ ಊರುಗಳು ಮೊದಲು ಆಗಲಿ.

ಘಟ್ಟ ಎಂದ ಮೇಲೆ ಬ್ರೇಕಿನ ಮಾತು. ಹಿಂದಿನ ಆ್ಯಕ್ಸಲ್ ಬಳಿ ಲೋಡ್ ಸೆನ್ಸಿಂಗ್ ವಾಲ್ವ್ ಎಂಬ ಸಣ್ಣ ಭಾಗವೊಂದು ಹಲವು ಏರ್ ಬ್ರೇಕ್ ಲಾರಿಗಳಲ್ಲಿದೆ. ಅದರ ಕಡ್ಡಿಯನ್ನು ಆ್ಯಕ್ಸಲ್‌ಗೆ ಸಿಕ್ಕಿಸಿರುತ್ತಾರೆ. ಲೋಡು ಬಿದ್ದು ಚಾಸಿ ಕೆಳಗಿಳಿದಷ್ಟೂ ಕಡ್ಡಿ ತಿರುಗಿ ಹಿಂದಿನ ಬ್ರೇಕಿಗೆ ಹೆಚ್ಚು ಗಾಳಿ ಬಿಡುತ್ತದೆ. ಓವರ್‌ಲೋಡ್ ಹೊರಲೆಂದು ಸ್ಪ್ರಿಂಗ್ ಸೆಟ್‌ಗೆ ಎರಡು ಮೂರು ಪ್ಲೇಟು ಹೆಚ್ಚಿಗೆ ಹಾಕಿಸಿದರೆ ಚಾಸಿ ಅಷ್ಟು ಇಳಿಯುವುದೇ ಇಲ್ಲ. ವಾಲ್ವ್‌ನ ಲೆಕ್ಕದಲ್ಲಿ ಲಾರಿ ಅರ್ಧ ಖಾಲಿ. 38 ಟನ್ ಹೊತ್ತ ಗಾಡಿಯ ಹಿಂದಿನ ಬ್ರೇಕಿಗೆ ಅರ್ಧ ಲೋಡಿನ ಗಾಳಿ ಹೋಗುತ್ತದೆ. ಚಾಲಕ ಪೆಡಲನ್ನು ಪೂರ್ತಿ ಒತ್ತಿದರೂ ಮುಂದಿನ ಬ್ರೇಕೇ ಹೆಚ್ಚು ಕೆಲಸ ಮಾಡಿ ಕಾಯುತ್ತದೆ, ಹಿಂದಿನವು ಅರೆಬರೆ ಹಿಡಿಯುತ್ತವೆ. ಕೆಲವರು ಆ ಕಡ್ಡಿಯನ್ನೇ ಕಳಚಿ ತಂತಿಯಲ್ಲಿ ಕಟ್ಟಿರುತ್ತಾರೆ. ಆಗ ಖಾಲಿ ಓಡುವಾಗ ಹಿಂದಿನ ಚಕ್ರ ಲಾಕ್ ಆಗಿ ಜಾರುವ ಅಪಾಯ. ಎಫ್‌ಸಿ ಕೇಂದ್ರದ ರೋಲರ್ ಮೇಲೆ ಖಾಲಿ ಲಾರಿ ಪಾಸಾಗುವುದರಿಂದ ಅಲ್ಲಿ ಇದ್ಯಾವುದೂ ಕಾಣುವುದಿಲ್ಲ. ನಿರೀಕ್ಷಕರು ಲಾರಿಯ ಅಡಿಗೆ ಬಗ್ಗಿ ಕಡ್ಡಿ ಇದೆಯೇ, ಪ್ಲೇಟುಗಳ ಸಂಖ್ಯೆ ಕಂಪನಿಯ ಸೆಟ್‌ಗೆ ಸರಿಯಿದೆಯೇ ಎಂದು ಎಣಿಸಿದರೆ ಎರಡು ನಿಮಿಷದಲ್ಲಿ ತಿಳಿಯುತ್ತದೆ.

10 ಟನ್ ಹೆಚ್ಚುವರಿ ಭಾರ ಶಿರಾಡಿ, ಚಾರ್ಮಾಡಿ ಅಥವಾ ಅರಬೈಲು ಘಟ್ಟದಲ್ಲಿ 500 ಮೀಟರ್ ಎತ್ತರದಷ್ಟು ಇಳಿದರೆ ಅದರಿಂದಲೇ ಹುಟ್ಟುವ ಶಕ್ತಿ ಸುಮಾರು 49 ಮೆಗಾಜೂಲ್. 28.5 ಟನ್ ಲಾರಿಯನ್ನು 60 ಕಿ.ಮೀ. ವೇಗದಿಂದ ಹನ್ನೆರಡು ಸಲ ಪೂರ್ತಿ ನಿಲ್ಲಿಸಿದಷ್ಟು ಇದು, ಅದೂ ಮಿತಿಯೊಳಗಿನ ಭಾರದ ಲೆಕ್ಕ ಬಿಟ್ಟು. ಎಂಜಿನ್ ಮತ್ತು ಎಕ್ಸಾಸ್ಟ್ ಬ್ರೇಕ್ ಒಂದಷ್ಟು ಹೊರುತ್ತವೆ, ಮಿಕ್ಕದ್ದು ಡ್ರಮ್ಮಿಗೆ. ಕಾದ ಡ್ರಮ್ ಹಿಗ್ಗಿ ಲೈನಿಂಗ್‌ನಿಂದ ದೂರ ಸರಿಯುತ್ತದೆ, ಲೈನಿಂಗ್‌ನ ಹಿಡಿತವೂ ಕಳೆಯುತ್ತದೆ, ಬ್ರೇಕಿನ ಬಿಗಿ ಹೊಂದಿಸುವ ಸ್ಲ್ಯಾಕ್ ಅಡ್ಜಸ್ಟರ್ ಮೊದಲೇ ಸಡಿಲವಿದ್ದರೆ ಚೇಂಬರಿನ ರಾಡು ಪೂರ್ತಿ ಹೊರಬಂದರೂ ಬ್ರೇಕು ತಾಗುವುದಿಲ್ಲ. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಸುವ ಚಾಲಕನಿಗೆ ಎಂಜಿನ್ ಬ್ರೇಕೂ ಇಲ್ಲ. ಘಟ್ಟದ ತಲೆಯಲ್ಲಿ ಕಡ್ಡಾಯ ನಿಲುಗಡೆ ಇಟ್ಟು, ಗಾಳಿಯ ಒತ್ತಡದ ಮುಳ್ಳು, ಸೋರಿಕೆ, ಸ್ಲ್ಯಾಕ್ ಅಡ್ಜಸ್ಟರ್ ನೋಡಿಯೇ ಇಳಿಯಲು ಬಿಡಿ. ಸೋರಿಕೆ ನೋಡಲು ಉಪಕರಣ ಬೇಕಿಲ್ಲ: ಎಂಜಿನ್ ಆಫ್ ಮಾಡಿ, ಪೆಡಲ್ ಒತ್ತಿ ಹಿಡಿಸಿ, ಮುಳ್ಳು ಬೀಳುತ್ತಿದೆಯೇ ನೋಡಿ, ಚಕ್ರಗಳ ಬಳಿ ಕಿವಿಗೊಡಿ.

ಟೈರಿನ ಪಕ್ಕದಲ್ಲೇ ಅದರ ಶಕ್ತಿ ಬರೆದಿರುತ್ತದೆ, ಓದುವವರು ಕಡಿಮೆ. ಭಾರ ಸೂಚ್ಯಂಕ 146/143 ಎಂದಿದ್ದರೆ ಒಂಟಿಯಾಗಿ 3,000 ಕೆ.ಜಿ., ಜೋಡಿಯಲ್ಲಿ ತಲಾ 2,725 ಕೆ.ಜಿ. ನಮ್ಮ ಟಿಪ್ಪರಿನ 30.5 ಟನ್ ಎಂಟು ಟೈರಿಗೆ ಹಂಚಿದರೆ ತಲಾ 3,800 ಕೆ.ಜಿ. ದಾಟುತ್ತದೆ, ಶೇ 40 ಹೆಚ್ಚು. ಮತ್ತೆಮತ್ತೆ ಮಡಚಿ ಬಿಚ್ಚುವ ಟೈರಿನ ಪಕ್ಕೆ ಕಾದು ಬೇಸಿಗೆಯ ಮಧ್ಯಾಹ್ನ ಸಿಡಿಯುತ್ತದೆ, ಹಳೇ ಟೈರಿಗೆ ಹೊಸ ಪಟ್ಟಿ ಅಂಟಿಸಿದ ರೀಟ್ರೆಡ್ ಇದ್ದರೆ ಪಟ್ಟಿ ಕಿತ್ತು ಹಿಂದಿನ ಕಾರಿನ ಗಾಜಿಗೆ ಬಡಿಯುತ್ತದೆ. ಇನ್ನೊಂದು ವಿಷಯ ಗಮನಿಸಿ. ಮುಂದಿನ ಆ್ಯಕ್ಸಲ್‌ಗೆ ಕಾನೂನು 7 ಟನ್ ಬಿಟ್ಟರೂ 146ರ ಎರಡು ಟೈರು ಹೊರುವುದು 6 ಟನ್ ಮಾತ್ರ. ಮಿತಿಯೊಳಗಿದ್ದೂ ಟೈರು ಮೀರಿರುವ ಲಾರಿಗಳು ಇದೇ ಕಾರಣಕ್ಕೆ ಇವೆ. ಎಫ್‌ಸಿ ನಮೂನೆಯಲ್ಲಿ ಟೈರಿನ ಭಾರ ಸೂಚ್ಯಂಕ ಬರೆಯಲು ಒಂದು ಖಾನೆ ಸೇರಿಸಿ.

ಹಿಂಬದಿಯ ಅಡ್ಡ ಕಬ್ಬಿಣದ ಬಗ್ಗೆ ಬರೆದೂ ಬರೆದೂ ಸಾಕಾಗಿದೆ. ಅದು ನೆಲದಿಂದ 550 ಮಿ.ಮೀ.ಗಿಂತ ಮೇಲಿರಬಾರದು. ಟಿಪ್ಪರಿನವರು ಸುರಿಯುವಾಗ ಅಡ್ಡಿಯೆಂದು ತೆಗೆಸುತ್ತಾರೆ, ಉಳಿದವರು ಎಫ್‌ಸಿಗಾಗಿ ತೆಳು ಪೈಪು ವೆಲ್ಡ್ ಮಾಡಿಸುತ್ತಾರೆ. ಕಾರು ಗುದ್ದಿದರೆ ಆ ಪೈಪು ಬಾಗಿ ಕಾರಿನ ಮುಂಭಾಗ ಲಾರಿಯಡಿ ನುಗ್ಗುತ್ತದೆ. ಹಿಂದೆ ಕೆಂಪು, ಪಕ್ಕದಲ್ಲಿ ಹಳದಿ, ಮುಂದೆ ಬಿಳಿ ಪ್ರತಿಫಲಕ ಪಟ್ಟಿ ಇದೆಯೇ, ಧೂಳು ಮೆತ್ತಿ ಸತ್ತಿದೆಯೇ ಎಂದು ನೋಡಲು ಟಾರ್ಚ್ ಸಾಕು, ಟೇಪು ಸಾಕು.

ಲೋಡಿನ ಮೇಲೆ ಜನ ಕೂರುವುದನ್ನೂ ಇದೇ ತಪಾಸಣೆಗೆ ಸೇರಿಸಿ. 2025ರ ಜನವರಿ 22ರಂದು ಯಲ್ಲಾಪುರ ತಾಲ್ಲೂಕಿನ ಗುಳ್ಳಾಪುರದ ಬಳಿ ತರಕಾರಿ ಲಾರಿ ಕಂದಕಕ್ಕೆ ಉರುಳಿ ಹತ್ತು ಮಂದಿ ವ್ಯಾಪಾರಿಗಳು ಸತ್ತರು. ಸವಣೂರಿನಿಂದ ಸಂತೆಗೆ ಹೊರಟವರು ಅವರು. ಸಂತೆಗೆ ಹೋಗುವವರಿಗೆ ಮಾಲಿನ ಜತೆಗೇ ಹೋಗದೆ ಬೇರೆ ದಾರಿಯಿಲ್ಲ ಎನ್ನುವುದು ನಿಜವೇ. ಸಂತೆಯ ಹಿಂದಿನ ರಾತ್ರಿ ಒಂದು ಸಾರಿಗೆ ಬಸ್ ಬಿಡುವುದು ಅದಕ್ಕೆ ಪರಿಹಾರವೇ ಹೊರತು ಕಂಡೂ ಕಾಣದಂತಿರುವುದಲ್ಲ.

ಕಬ್ಬಿನ ಟ್ರ್ಯಾಕ್ಟರುಗಳದ್ದು ಬೇರೆಯದೇ ಕಥೆ. ಮಂಡ್ಯ, ಬೆಳಗಾವಿ, ಬಾಗಲಕೋಟೆಯಲ್ಲಿ ಹಂಗಾಮು ಶುರುವಾದರೆ ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರ್, ಟ್ರೇಲರಿಗೆ ಬ್ರೇಕಿಲ್ಲ, ಹಿಂದೆ ದೀಪವಿಲ್ಲ, ಇದ್ದರೂ ಜೋತ ಕಬ್ಬು ಮುಚ್ಚಿರುತ್ತದೆ. ಏರಿನಲ್ಲಿ ಮುಂದಿನ ಚಕ್ರ ನೆಲ ಬಿಟ್ಟು ಮೇಲೇಳುವುದನ್ನು ಎಲ್ಲರೂ ನೋಡಿದ್ದೇವೆ, ಆ ಹೊತ್ತಿಗೆ ಸ್ಟೀರಿಂಗ್ ಇದ್ದೂ ಇಲ್ಲ. ಇಲ್ಲಿ ರೈತನ ಬೆನ್ನು ಹತ್ತುವುದು ನ್ಯಾಯವೂ ಅಲ್ಲ, ಫಲವೂ ಇಲ್ಲ. ಪ್ರತಿ ಟ್ರೇಲರನ್ನೂ ಸಕ್ಕರೆ ಕಾರ್ಖಾನೆಯೇ ತೂಗುತ್ತದೆ. ಕಾರ್ಖಾನೆಯ ಅಂಗಳಕ್ಕೆ ಬರುವ ಟ್ರೇಲರಿಗೆ ಹಿಂಬದಿ ಕಟ್ಟುವ ಪ್ರತಿಫಲಕ ಬಟ್ಟೆ ಮತ್ತು ಬ್ಯಾಟರಿ ದೀಪವನ್ನು ಕಾರ್ಖಾನೆಯೇ ಹಂಗಾಮಿನ ಮೊದಲು ಕೊಡಲಿ, ಅವಿಲ್ಲದ ಗಾಡಿಗೆ ಟೋಕನ್ ಕೊಡದಿರಲಿ, ಮಿತಿ ಮೀರಿದ ತೂಕದ ಪಟ್ಟಿಯನ್ನು ವಾರಕ್ಕೊಮ್ಮೆ ಆರ್‌ಟಿಒಗೆ ಕಳಿಸಲಿ. ಜಿಲ್ಲಾಧಿಕಾರಿ ಹಂಗಾಮಿನ ಸಭೆಯಲ್ಲೇ ಇದನ್ನು ಷರತ್ತು ಮಾಡಬಹುದು.

ಕೊನೆಯದಾಗಿ ಇಲಾಖೆ ತನ್ನ ಕೆಲಸವನ್ನು ಅಳೆಯುವ ರೀತಿ. ಈಗ ಎಷ್ಟು ಪ್ರಕರಣ, ಎಷ್ಟು ಲಕ್ಷ ದಂಡ ಎಂಬ ಲೆಕ್ಕ ಹೊರಬರುತ್ತದೆ. ದಂಡ ಜಾಸ್ತಿ ಬಂದಷ್ಟೂ ಸಾಧನೆ ಎನ್ನುವ ಕಚೇರಿಗೆ ಓವರ್‌ಲೋಡ್ ನಿಲ್ಲುವುದು ನಷ್ಟದ ಬಾಬತ್ತು. ಅದರ ಬದಲು ಪ್ರತಿ ಆರ್‌ಟಿಒ ಕಚೇರಿ ಪ್ರತಿ ತಿಂಗಳು ತೂಗಿದ ಲಾರಿಗಳೆಷ್ಟು, ಮಿತಿ ಮೀರಿದ್ದವೆಷ್ಟು, ಇಳಿಸಿದ ಟನ್ ಎಷ್ಟು, ಯಾವ ಗೇಟಿನಿಂದ ಬಂದವು, ಆ ಗೇಟಿನವರ ಮೇಲೆ ಹಾಕಿದ ಪ್ರಕರಣಗಳೆಷ್ಟು ಎಂದು ಜಾಲತಾಣದಲ್ಲಿ ಹಾಕಲಿ. ಇಳಿಸಿದ ಟನ್ನಿನ ಖಾನೆ ಸೊನ್ನೆಯಾಗಿದ್ದು ದಂಡದ ಖಾನೆ ತುಂಬಿರುವ ಕಚೇರಿ ಯಾವುದು ಎಂದು ತಮಗೂ ನಮಗೂ ಒಟ್ಟಿಗೇ ತಿಳಿಯುತ್ತದೆ. ಮೊದಲ ಪಟ್ಟಿಗೆ ಬರುವ ಮಳೆಗಾಲ ಕಾಯಬೇಕಿಲ್ಲ, ಇ-ಚಲನ್ ತಂತ್ರಾಂಶಕ್ಕೆ ಈ ಎರಡು ಮೂರು ಖಾನೆ ಸೇರಿಸಿದರೆ ಮುಂದಿನ ತಿಂಗಳೇ ಶುರುವಾಗಬಹುದು.

ಇತಿ,
ಸರಕು ಸಾಗಣೆ, ವಾಹನ ನಿರ್ವಹಣೆ, ತೂಕ ಮತ್ತು ರಸ್ತೆ ಕಾಮಗಾರಿ ಕ್ಷೇತ್ರದಲ್ಲಿ ದುಡಿಯುತ್ತಿರುವವರು